ಎದೆಹಾಲಿನಿಂದ ಮೊದಲ ತುತ್ತಿಗೆ

ಧಾರವಾಡದ ರೈಲು ನಿಲ್ದಾಣದ ಮಗ್ಗುಲಲ್ಲಿರುವ ಮಾಳಮಡ್ಡಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆ ಮನೆಯ ಸೊಸೆ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಕೂಸಿಗೆ ಐದು ತಿಂಗಳು ತುಂಬಿದೆ. ಹೆರಿಗೆ ರಜೆ ಮುಗಿಯಲು ಇನ್ನೊಂದೇ ತಿಂಗಳು ಉಳಿದಿದೆ. ಅತ್ತೆಯವರಿಗೆ ಚಿಂತೆ ಹತ್ತಿದೆ: "ಬರೇ ಎದೀಹಾಲಿನ ಮ್ಯಾಲೆ ಕೂಸು ಎಷ್ಟು ದಿನಾ ಇರ್ತದವಾ? ಈಗಿಂದನ ಒಂದು ಬಾಟ್ಲಿ ತಂದು ರೂಢಿ ಮಾಡು. ನೀ ಸಾಲಿಗೆ ಹೋದಮ್ಯಾಲೆ ನಾ ಏನು ಕುಡಸ್ಲಿ?"

ಈ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು, ಎದೆಹಾಲಿನ ಜೊತೆಗೆ ಬೇರೆ ಆಹಾರವನ್ನು ಯಾವಾಗ ಮತ್ತು ಹೇಗೆ ಆರಂಭಿಸಬೇಕು ಎಂಬುದು. ಎರಡನೆಯದು, ತಾಯಿ ಮನೆಯಲ್ಲಿ ಇಲ್ಲದಾಗ ಹಾಲನ್ನು ಯಾವುದರಲ್ಲಿ ಕುಡಿಸಬೇಕು ಎಂಬುದು. ಎರಡೂ ಹಳೆಯ ಪ್ರಶ್ನೆಗಳೇ. ಆದರೆ ಅವುಗಳ ಉತ್ತರದಲ್ಲಿ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಸರಳ ಅಂಕಗಣಿತ ಸೇರಿಕೊಂಡಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಆರು ತಿಂಗಳೇ ಏಕೆ?

ಹುಟ್ಟಿದ ಮಗುವಿಗೆ ನಾಲ್ಕರಿಂದ ಆರು ತಿಂಗಳವರೆಗೆ ಎದೆಹಾಲು ಸಾಕು ಎಂದು ಹಿಂದೆ ಹೇಳಲಾಗುತ್ತಿತ್ತು. 2001ರಲ್ಲಿ ವಿಶ್ವ ಆರೋಗ್ಯ ಸಭೆ ಇದನ್ನು ಆರು ತಿಂಗಳು ಎಂದು ಸ್ಪಷ್ಟಪಡಿಸಿತು. ಅಂದರೆ ಮೊದಲ ಆರು ತಿಂಗಳು ಎದೆಹಾಲನ್ನು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಎದೆಹಾಲಿನಲ್ಲಿ ಶೇಕಡಾ 87ರಿಂದ 88ರಷ್ಟು ಭಾಗ ನೀರೇ ಆಗಿರುವುದರಿಂದ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕೂಸಿನ ಬಾಯಾರಿಕೆ ಅದರಿಂದಲೇ ತೀರುತ್ತದೆ. ತಾಯಿ ಸ್ವಲ್ಪ ಹೆಚ್ಚು ಬಾರಿ ಹಾಲೂಡಿಸಿದರಾಯಿತು. ವೈದ್ಯರು ಬರೆದುಕೊಟ್ಟ ಔಷಧದ ಹನಿಗಳು ಮಾತ್ರ ಇದಕ್ಕೆ ಹೊರತು.

ಆರು ತಿಂಗಳ ಗಡಿಗೆ ಶರೀರಶಾಸ್ತ್ರದ ಆಧಾರವಿದೆ. ಎಳೆಯ ಕೂಸಿನ ನಾಲಿಗೆಯ ಮೇಲೆ ಗಟ್ಟಿ ವಸ್ತು ಇಟ್ಟರೆ ನಾಲಿಗೆ ಅದನ್ನು ಹೊರಗೆ ತಳ್ಳುತ್ತದೆ. ಇದೊಂದು ಪರಾವರ್ತಿತ ಕ್ರಿಯೆ. ಉಸಿರುಗಟ್ಟದಂತೆ ನೋಡಿಕೊಳ್ಳುವ ಕಾವಲು. ನಾಲ್ಕರಿಂದ ಆರು ತಿಂಗಳ ನಡುವೆ ಇದು ಕ್ರಮೇಣ ಮರೆಯಾಗುತ್ತದೆ. ಅದೇ ಹೊತ್ತಿಗೆ ಕತ್ತು ನಿಲ್ಲುತ್ತದೆ, ಆಸರೆ ಕೊಟ್ಟರೆ ಮಗು ಕೂರುತ್ತದೆ, ಕಂಡದ್ದನ್ನೆಲ್ಲ ಹಿಡಿದು ಬಾಯಿಗೆ ಒಯ್ಯುತ್ತದೆ, ದೊಡ್ಡವರು ಉಣ್ಣುವಾಗ ತುತ್ತನ್ನೇ ದಿಟ್ಟಿಸುತ್ತದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವ ಮೇದೋಜೀರಕ ಗ್ರಂಥಿಯಿಂದ ಮೊದಲ ತಿಂಗಳುಗಳಲ್ಲಿ ಬಹಳ ಕಡಿಮೆ ಬರುತ್ತದೆ. ಮುಂದೆ ನಿಧಾನವಾಗಿ ಏರುತ್ತದೆ. ಮೂತ್ರಪಿಂಡಗಳೂ ಹೆಚ್ಚಿನ ಲವಣ ಮತ್ತು ಪ್ರೋಟೀನಿನ ಹೊರೆಯನ್ನು ನಿಭಾಯಿಸಲು ಬಲಿಯುತ್ತವೆ.

ನಮ್ಮಲ್ಲಿ ಅನ್ನಪ್ರಾಶನವನ್ನು ಗಂಡುಮಕ್ಕಳಿಗೆ ಆರು ಅಥವಾ ಎಂಟನೆಯ ತಿಂಗಳಲ್ಲಿ, ಹೆಣ್ಣುಮಕ್ಕಳಿಗೆ ಐದು ಅಥವಾ ಏಳನೆಯ ತಿಂಗಳಲ್ಲಿ ಮಾಡುವ ರೂಢಿಯಿದೆ. ಹಿರಿಯರ ಅಂದಾಜು ಆರರ ಆಸುಪಾಸಿನಲ್ಲೇ ಇತ್ತೆಂಬುದು ಗಮನಾರ್ಹ. ಆದರೆ ಜೀರ್ಣಾಂಗಗಳಿಗೆ ಹೆಣ್ಣು ಗಂಡಿನ ಭೇದವಿಲ್ಲ. ಶಾಸ್ತ್ರ ಯಾವ ದಿನವೇ ನಡೆಯಲಿ, ನಿತ್ಯದ ಊಟ ಆರು ತಿಂಗಳು ತುಂಬಿದಾಗ ಆರಂಭವಾಗಬೇಕು.

ನಮ್ಮ ಮನೆಗಳಲ್ಲಿ ಎರಡು ತಪ್ಪುಗಳು ಜೊತೆಜೊತೆಯಾಗಿ ನಡೆಯುತ್ತವೆ. ಬಾಟಲಿ ಬೇಗ ಬರುತ್ತದೆ, ಊಟ ತಡವಾಗಿ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳ ಪೈಕಿ ಎದೆಹಾಲಿನ ಜೊತೆಗೆ ಘನ ಅಥವಾ ಅರೆಘನ ಆಹಾರ ಪಡೆಯುತ್ತಿದ್ದವರು ಶೇ. 45.9 ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಪ್ರಮಾಣ ಮತ್ತು ವೈವಿಧ್ಯದ ಆಹಾರ ಸಿಗುತ್ತಿದ್ದವರು ಶೇ. 11.3. ಮಗುವಿನ ಬೆಳವಣಿಗೆಯ ರೇಖೆ ಕೆಳಗೆ ಬಾಗತೊಡಗುವುದು ಸಾಮಾನ್ಯವಾಗಿ ಈ ಅವಧಿಯಲ್ಲೇ.

ಕೊರತೆಯ ಲೆಕ್ಕ

ಆರು ತಿಂಗಳ ನಂತರ ಎದೆಹಾಲು ನೀರಾಗುತ್ತದೆ, ಅದರಲ್ಲಿ ಸತ್ವ ಇರುವುದಿಲ್ಲ ಎಂಬ ಮಾತಿದೆ. ಇದು ನಿಜವಲ್ಲ. ಹಾಲು ಬದಲಾಗುವುದಿಲ್ಲ; ಬೆಳೆದಿರುವುದು ಮಗುವಿನ ಅಗತ್ಯ. 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸರಾಸರಿ 615 ಕಿಲೊಕ್ಯಾಲರಿ ಶಕ್ತಿ ಬೇಕು. ಎದೆಹಾಲಿನಿಂದ ಇದರಲ್ಲಿ 400ಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಉಳಿದ ಸುಮಾರು 200 ಕಿಲೊಕ್ಯಾಲರಿ ಊಟದಿಂದ ಬರಬೇಕು. 9ರಿಂದ 11 ತಿಂಗಳಲ್ಲಿ ಈ ಕೊರತೆ 300ಕ್ಕೆ, ಎರಡನೆಯ ವರ್ಷದಲ್ಲಿ 550ಕ್ಕೆ ಏರುತ್ತದೆ. ಆದ್ದರಿಂದಲೇ ಈ ಆಹಾರಕ್ಕೆ ‘ಪೂರಕ ಆಹಾರ’ ಎಂಬ ಹೆಸರು. ಅದು ಎದೆಹಾಲಿನ ಜಾಗಕ್ಕೆ ಬರುವುದಲ್ಲ, ಅದರ ಜೊತೆಗೆ ಸೇರುವುದು.

200 ಕಿಲೊಕ್ಯಾಲರಿ ಎಂದರೆ ದೊಡ್ಡವರಿಗೆ ಎರಡು ಚಪಾತಿ. ಆದರೆ ಮಗುವಿನ ಜಠರ ಪುಟ್ಟದು. ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 30 ಮಿ.ಲೀ. ಹಿಡಿಯುತ್ತದೆ. ಏಳು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಗರಿಷ್ಠ 210 ಮಿ.ಲೀ. ಎನ್ನೋಣ. ಈಗ ನಮ್ಮ ಮನೆಗಳ ತೆಳ್ಳನೆಯ ಗಂಜಿಯನ್ನು ತೆಗೆದುಕೊಳ್ಳಿ. 100 ಮಿ.ಲೀ. ನೀರಿಗೆ 5 ಗ್ರಾಂ ಹಿಟ್ಟು ಹಾಕಿ ಕುದಿಸಿದರೆ ಸಿಗುವುದು ಸುಮಾರು 17 ಕಿಲೊಕ್ಯಾಲರಿ. ಈ ಲೆಕ್ಕದಲ್ಲಿ 200 ಕಿಲೊಕ್ಯಾಲರಿಗೆ ಸುಮಾರು 1,200 ಮಿ.ಲೀ. ಗಂಜಿ, ಅಂದರೆ ಹೊಟ್ಟೆ ಬಿರಿಯುವಂತೆ ಆರು ಬಟ್ಟಲು ಕುಡಿಸಬೇಕು! ಮಗುವಿಗೆ ಹೊಟ್ಟೆ ತುಂಬುತ್ತದೆ, ಅದು ಅಳುವುದನ್ನು ನಿಲ್ಲಿಸುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ತೂಕ ಮಾತ್ರ ಏರುವುದಿಲ್ಲ. ಬೇಳೆಯ ಕಟ್ಟು, ಅನ್ನದ ತಿಳಿ ಇವುಗಳ ಕತೆಯೂ ಇದೇ. ಸತ್ವ ತಳದ ಬೇಳೆಯಲ್ಲಿ, ಅನ್ನದಲ್ಲಿ ಉಳಿದು, ಮಗುವಿಗೆ ಹೋಗುವುದು ಮೇಲಿನ ನೀರು.

ಹಾಗಾದರೆ ಹಿಟ್ಟನ್ನು ಹೆಚ್ಚು ಹಾಕಿದರಾಗದೆ? 100 ಮಿ.ಲೀ. ನೀರಿಗೆ 20 ಗ್ರಾಂ ಹಿಟ್ಟು ಹಾಕಿ ಬೇಯಿಸಿ ನೋಡಿ. ಅದು ಮುದ್ದೆಯಾಗುತ್ತದೆ. ಆರು ತಿಂಗಳ ಮಗು ಅದನ್ನು ನುಂಗಲಾರದು. ಪಿಷ್ಟದ ಕಣಗಳು ಬಿಸಿ ನೀರನ್ನು ಹೀರಿ ಉಬ್ಬುತ್ತವೆ. ಅವುಗಳೊಳಗಿನ ಉದ್ದನೆಯ ಸರಪಳಿಗಳು ಹೊರಬಂದು ಒಂದಕ್ಕೊಂದು ತೊಡಕಿಕೊಂಡು ನೀರನ್ನು ಹಿಡಿದಿಡುತ್ತವೆ. ಇದರಿಂದ ಸ್ನಿಗ್ಧತೆ ಹೆಚ್ಚುತ್ತದೆ. ಹೀಗೆ ತೆಳುವಾದರೆ ಶಕ್ತಿಯಿಲ್ಲ, ಶಕ್ತಿಯಿದ್ದರೆ ನುಂಗಲಾಗದು ಎಂಬ ಇಕ್ಕಟ್ಟು.

ಮೊಳಕೆಯ ಉಪಾಯ

ಈ ಇಕ್ಕಟ್ಟಿಗೆ ಹಳೆ ಮೈಸೂರು ಸೀಮೆಯ ಅಡುಗೆಮನೆಯಲ್ಲಿ ಉತ್ತರವಿತ್ತು: ಮೊಳಕೆ ಬರಿಸಿದ ರಾಗಿಯ ಹಿಟ್ಟಿನಿಂದ ಮಾಡುವ ಮಕ್ಕಳ ‘ಸರಿ’. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರು 1980ರ ದಶಕದ ಆರಂಭದಲ್ಲಿ ಇದರ ವಿಜ್ಞಾನವನ್ನು ಬಿಡಿಸಿ ತೋರಿಸಿದರು. ಅದೇ ದಶಕದಲ್ಲಿ ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ತಂಡವೂ ಅಮೈಲೇಸ್ ಸಮೃದ್ಧವಾದ ಮೊಳಕೆ ಹಿಟ್ಟಿನ ಬಗ್ಗೆ ವ್ಯಾಪಕವಾಗಿ ಕೆಲಸ ಮಾಡಿತು.

ಬೀಜ ಮೊಳೆಯುವಾಗ ಎಳೆಯ ಸಸಿಗೆ ಆಹಾರ ಬೇಕು. ಬೀಜದಲ್ಲಿ ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಅದು ಅಮೈಲೇಸ್ ಕಿಣ್ವವನ್ನು ತಯಾರಿಸುತ್ತದೆ. ಆ ಹಂತದಲ್ಲಿ ಕಾಳನ್ನು ಒಣಗಿಸಿ ಬೀಸಿದರೆ ಹಿಟ್ಟಿನಲ್ಲಿ ಕಿಣ್ವ ಉಳಿಯುತ್ತದೆ. ಗಟ್ಟಿ ಗಂಜಿಗೆ ಈ ಹಿಟ್ಟನ್ನು ಸೇರಿಸಿದಾಗ ಕಿಣ್ವವು ಪಿಷ್ಟದ ಉದ್ದ ಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ತುಂಡಾದ ಸರಪಳಿಗಳು ನೀರನ್ನು ಹಿಡಿದಿಡಲಾರವು, ಗಂಜಿ ಸಡಿಲವಾಗುತ್ತದೆ. ನೀರನ್ನು ಒಂದು ಹನಿಯೂ ಸೇರಿಸದೆ ಗಂಜಿ ಸಡಿಲವಾದದ್ದರಿಂದ ಒಂದು ಚಮಚದಲ್ಲಿರುವ ಹಿಟ್ಟು ಅಷ್ಟೇ ಇರುತ್ತದೆ, ಶಕ್ತಿಯೂ ಅಷ್ಟೇ ಇರುತ್ತದೆ.

ಇದೇ ಕ್ರಿಯೆಯನ್ನು ಅನೇಕ ತಾಯಂದಿರು ತಿಳಿಯದೆಯೇ ನೋಡಿದ್ದಾರೆ. ಮಗು ಅರ್ಧ ತಿಂದು ಬಿಟ್ಟ ಗಂಜಿ ಸ್ವಲ್ಪ ಹೊತ್ತಿಗೆ ನೀರುನೀರಾಗುತ್ತದೆ. ಚಮಚಕ್ಕೆ ಅಂಟಿದ ಜೊಲ್ಲಿನಲ್ಲಿರುವ ಅಮೈಲೇಸ್ ಬಟ್ಟಲಿನಲ್ಲಿ ಕೆಲಸ ಮುಂದುವರಿಸಿರುತ್ತದೆ. ಎದೆಹಾಲಿನಲ್ಲೂ ಅಮೈಲೇಸ್ ಇದೆ. ಹಿಂಡಿದ ಎದೆಹಾಲನ್ನು ಉಗುರುಬೆಚ್ಚಗಿನ ಗಂಜಿಗೆ ಬೆರೆಸಿದರೆ ರುಚಿಯೂ ಪರಿಚಿತವಾಗುತ್ತದೆ, ಪಿಷ್ಟದ ಜೀರ್ಣಕ್ಕೂ ನೆರವಾಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಮೊಳಕೆ ಹಿಟ್ಟು ತಯಾರಿಸುವ ವಿಧಾನ ಸರಳ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಎರಡು ದಿನ ಇಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಮೊಳಕೆಯೊಡೆದ ಕಾಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಕೈಯಲ್ಲಿ ಉಜ್ಜಿ ಬೇರು ಮೊಳಕೆಗಳನ್ನು ಕೇರಿ ತೆಗೆಯಿರಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸಿ. ಕೆಂಪಗೆ ಹುರಿದರೆ ಕಿಣ್ವ ನಾಶವಾಗುತ್ತದೆ. ಬೂಷ್ಟು ಹಿಡಿದ ಕಾಳನ್ನು ಎಸೆಯಬೇಕು.

ಈಗ ಎರಡು ಪಾತ್ರೆಗಳಲ್ಲಿ ಅಕ್ಕಿಹಿಟ್ಟಿನ ಗಟ್ಟಿ ಗಂಜಿ ಮಾಡಿ. ಪ್ರತಿ ಪಾತ್ರೆಗೆ 20 ಗ್ರಾಂ ಹಿಟ್ಟು, 100 ಮಿ.ಲೀ. ನೀರು. ಗಂಜಿಯ ಉಷ್ಣತೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಒಂದಕ್ಕೆ ಒಂದು ಚಹಾ ಚಮಚ ಮೊಳಕೆ ಹಿಟ್ಟು, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಮೊಳಕೆ ಬರಿಸದ ರಾಗಿ ಹಿಟ್ಟು ಹಾಕಿ ಕಲಕಿ. ಕೆಲವೇ ನಿಮಿಷಗಳಲ್ಲಿ ಮೊದಲನೆಯದು ಚಮಚದಿಂದ ಜಾರತೊಡಗುತ್ತದೆ. ಎರಡನೆಯದು ಮುದ್ದೆಯಾಗಿಯೇ ಉಳಿಯುತ್ತದೆ. ಎರಡರಿಂದಲೂ ಸ್ವಲ್ಪ ತೆಗೆದು ನೀರಿನಲ್ಲಿ ತೆಳುಮಾಡಿ, ತಣಿದ ಮೇಲೆ ಒಂದೊಂದು ಹನಿ ಅಯೋಡಿನ್ ಹಾಕಿ. ಪಿಷ್ಟದ ಸರಪಳಿ ತುಂಡಾದಂತೆ ಕಡುನೀಲಿ ಬಣ್ಣ ನೇರಳೆ, ಕಂದುಗೆಂಪಿನತ್ತ ತಿರುಗುತ್ತದೆ. ಮೂರನೆಯ ಪಾತ್ರೆಯಲ್ಲಿ ಮೊದಲೇ ಕುದಿಸಿ ಆರಿಸಿದ ಮೊಳಕೆ ಹಿಟ್ಟನ್ನು ಬಳಸಿ. ಗಂಜಿ ಸಡಿಲವಾಗುವುದಿಲ್ಲ. ಏಕೆಂದು ವಿದ್ಯಾರ್ಥಿಗಳೇ ಹೇಳಲಿ.

ಪ್ರಯೋಗದ ಗಂಜಿಯನ್ನು ಯಾರೂ ತಿನ್ನಬಾರದು. ಮನೆಯಲ್ಲಿ ಮಗುವಿಗೆ ಮಾಡುವಾಗ ಗಂಜಿ ಸಡಿಲವಾದ ಮೇಲೆ ಮತ್ತೊಮ್ಮೆ ಕುದಿ ಬರಿಸಿ ಆರಿಸಬೇಕು. ಒದ್ದೆ ಬಟ್ಟೆಯಲ್ಲಿ ಎರಡು ದಿನ ಇದ್ದ ಕಾಳಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ. ಅಷ್ಟರಲ್ಲಿ ಕಿಣ್ವದ ಕೆಲಸ ಮುಗಿದಿರುವುದರಿಂದ ಕುದಿಸಿದರೆ ನಷ್ಟವಿಲ್ಲ.

ಈ ಗಂಜಿಯ 100 ಗ್ರಾಂನಲ್ಲಿ ಸುಮಾರು 68 ಕಿಲೊಕ್ಯಾಲರಿ ಇರುತ್ತದೆ. ಅರ್ಧ ಚಹಾ ಚಮಚ ತುಪ್ಪ ಸೇರಿಸಿದರೆ 90. ದಿನಕ್ಕೆರಡು ಬಾರಿ ಅರ್ಧ ಬಟ್ಟಲು ಉಂಡು, ಜೊತೆಗೆ ಒಂದು ತುಂಡು ಬಾಳೆಹಣ್ಣು ತಿಂದರೆ 200ರ ಕೊರತೆ ತುಂಬಿತು.

ಜೋಳದ ವಿಷಯದಲ್ಲಿ ಎಚ್ಚರ

ಧಾರವಾಡದ ಕಡೆ ರಾಗಿಗಿಂತ ಜೋಳ ಹೆಚ್ಚು ಪರಿಚಿತ. ಜೋಳವನ್ನೇ ಮೊಳಕೆ ಬರಿಸಬಾರದೇಕೆ ಎಂದು ಕೇಳಬಹುದು. ಮನೆಯಲ್ಲಿ ಮಗುವಿಗಾಗಿ ಹಾಗೆ ಮಾಡದಿರುವುದೇ ಒಳ್ಳೆಯದು. ಒಣ ಜೋಳದಲ್ಲಿ ಇಲ್ಲದ ಧರ್ರಿನ್ ಎಂಬ ಸಂಯುಕ್ತ ಮೊಳಕೆಯಲ್ಲಿ ಉಂಟಾಗುತ್ತದೆ. ಅದು ಒಡೆದಾಗ ಹೈಡ್ರೊಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಹೊಟ್ಟೆಯುಬ್ಬರಿಸಿ ಬೀಳುವುದನ್ನು ರೈತರು ಬಲ್ಲರು. ಸಯನೈಡ್ ವಿಷಕ್ಕೂ ಮೂಲ ಅದೇ ಎಳೆಯ ಪೈರು. ಮೊಳಕೆಗೆ ರಾಗಿ ಅಥವಾ ಗೋಧಿ ಸಾಕು. ಜೋಳವನ್ನು ಮೊಳಕೆ ಬರಿಸದೆ, ಮೆತ್ತಗೆ ಬೇಯಿಸಿದ ನುಚ್ಚಾಗಿ ಅಥವಾ ಬೇಳೆಯಲ್ಲಿ ನೆನೆಸಿ ಹಿಚುಕಿದ ರೊಟ್ಟಿಯಾಗಿ ಧಾರಾಳವಾಗಿ ಕೊಡಬಹುದು.

ಕಬ್ಬಿಣದ ಗಂಟು

ಮಗು ಹುಟ್ಟುವಾಗ ತಾಯಿಯಿಂದ ಕಬ್ಬಿಣದ ಒಂದು ಗಂಟನ್ನು ಹೊತ್ತುಕೊಂಡೇ ಬರುತ್ತದೆ. ಹೊಕ್ಕುಳಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಈ ಗಂಟು ಇನ್ನಷ್ಟು ದೊಡ್ಡದಾಗುತ್ತದೆ. ದಿನ ತುಂಬಿ ಸರಿಯಾದ ತೂಕದಲ್ಲಿ ಹುಟ್ಟಿದ ಮಗುವಿಗೆ ಇದು ಸುಮಾರು ಆರು ತಿಂಗಳು ಬರುತ್ತದೆ. ಆಮೇಲೆ ಏನು?

ಎದೆಹಾಲಿನ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ, ಆದರೆ ಪ್ರಮಾಣ ಕಡಿಮೆ. ಲೀಟರಿಗೆ ಸುಮಾರು 0.35 ಮಿ.ಗ್ರಾಂ. 600 ಮಿ.ಲೀ. ಕುಡಿದರೆ 0.21 ಮಿ.ಗ್ರಾಂ, ಅರ್ಧದಷ್ಟು ಹೀರಿಕೆಯಾದರೆ ರಕ್ತಕ್ಕೆ ಸೇರುವುದು 0.1 ಮಿ.ಗ್ರಾಂ. ಈ ವಯಸ್ಸಿನಲ್ಲಿ ದಿನಕ್ಕೆ ದೇಹಕ್ಕೆ ಸೇರಬೇಕಾದದ್ದು ಸುಮಾರು 0.7 ಮಿ.ಗ್ರಾಂ. ಅಂದರೆ ಏಳು ಪಾಲಿನಲ್ಲಿ ಆರು ಪಾಲು ಊಟದಿಂದಲೇ ಬರಬೇಕು. 2019–21ರ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ (6–59 ತಿಂಗಳು) ಶೇ. 67.1ರಷ್ಟು ಮಂದಿಗೆ ರಕ್ತಹೀನತೆ ಇದ್ದದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಮಿದುಳು ವೇಗವಾಗಿ ಬೆಳೆಯುವ ಕಾಲದಲ್ಲಿ ಕಬ್ಬಿಣ ಸಾಲದೆ ಹೋದರೆ ಅದರ ಪರಿಣಾಮ ಮುಂದೆ ತರಗತಿಯಲ್ಲಿ ಶಿಕ್ಷಕರ ಕಣ್ಣಿಗೇ ಬೀಳುತ್ತದೆ.

ಧಾನ್ಯ ಮತ್ತು ಬೇಳೆಗಳಲ್ಲಿ ಕಬ್ಬಿಣವಿದೆ. ಆದರೆ ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಈ ಹಿಡಿತವನ್ನು ಸಡಿಲಿಸುತ್ತವೆ. ಬೆಂದ ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ‘ಸಿ’ ಜೀವಸತ್ವ ಹೀರಿಕೆಯನ್ನು ಹೆಚ್ಚಿಸುತ್ತದೆ. ಚಹಾ ಇದಕ್ಕೆ ತದ್ವಿರುದ್ಧ. ಅದರ ಟ್ಯಾನಿನ್ ಕಬ್ಬಿಣವನ್ನು ತಡೆಯುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಅವುಗಳನ್ನು ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿ ಆರು ತಿಂಗಳಿಂದಲೇ ಕೊಡಬಹುದು. 2018ರಲ್ಲಿ ಆರಂಭವಾದ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮವು 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆರಡು ಬಾರಿ 1 ಮಿ.ಲೀ. ಕಬ್ಬಿಣ–ಫೋಲಿಕ್ ಆಮ್ಲದ ದ್ರಾವಣವನ್ನು ನಿಗದಿಮಾಡಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬೇಕು. ದಿನ ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ ವೈದ್ಯರು ಇನ್ನೂ ಮೊದಲೇ ಕಬ್ಬಿಣದ ಹನಿಗಳನ್ನು ಬರೆದುಕೊಡುತ್ತಾರೆ.

ಉಣಿಸುವ ಕ್ರಮ

6–8 ತಿಂಗಳು: ಎರಡು ಮೂರು ಚಮಚದಿಂದ ಆರಂಭಿಸಿ ಅರ್ಧ ಬಟ್ಟಲಿನವರೆಗೆ, ದಿನಕ್ಕೆ 2–3 ಬಾರಿ. ನುಣ್ಣಗೆ ಹಿಚುಕಿದ ಅನ್ನ–ಹೆಸರುಬೇಳೆ, ರಾಗಿ ಸರಿ, ಗೋಧಿಯ ಸಜ್ಜಕ (ಬೆಲ್ಲವಿಲ್ಲದೆ), ಬೇಯಿಸಿದ ಗಜ್ಜರಿ, ಕುಂಬಳ, ಮಾಗಿದ ಬಾಳೆಹಣ್ಣು.

9–11 ತಿಂಗಳು: ದಿನಕ್ಕೆ 3–4 ಬಾರಿ. ಸಣ್ಣ ಗಂಟುಗಳಿರುವ ಆಹಾರ, ಬೆರಳಲ್ಲಿ ಹಿಡಿದು ತಿನ್ನುವಂಥ ಮೆತ್ತನೆಯ ತುಂಡುಗಳು. ಇಡ್ಲಿ, ಬೇಳೆಯಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ, ನುಣ್ಣಗೆ ಪುಡಿ ಮಾಡಿದ ಶೇಂಗಾ ಬೆರೆಸಿದ ಪಲ್ಯ.

12–23 ತಿಂಗಳು: ಮನೆಮಂದಿಯ ಊಟವೇ, ಖಾರ ಉಪ್ಪು ಹಾಕುವ ಮೊದಲು ತೆಗೆದಿಟ್ಟದ್ದು, 3–4 ಬಾರಿ ಊಟ, ನಡುವೆ ಒಂದೆರಡು ಬಾರಿ ತಿನಿಸು.

ಗಂಜಿಯ ಹದ ಚಮಚವನ್ನು ಓರೆ ಮಾಡಿದರೆ ತಟ್ಟನೆ ಸುರಿದುಹೋಗದಷ್ಟು ಇರಬೇಕು. ಹೊಸ ಆಹಾರವನ್ನು ಒಂದೊಂದಾಗಿ, ಎರಡು ಮೂರು ದಿನಗಳ ಅಂತರದಲ್ಲಿ ಪರಿಚಯಿಸಿದರೆ ಯಾವುದಾದರೂ ಒಗ್ಗದಿದ್ದಾಗ ಗುರುತಿಸಲು ಸುಲಭ. ಮೊದಲ ಸಲ ಮುಖ ಸಿಂಡರಿಸಿ ಉಗುಳಿದರೆ ಅದು ‘ಬೇಡ’ ಎಂದಲ್ಲ, ‘ಇದೇನು?’ ಎಂದು. ಎಂಟು ಹತ್ತು ಬಾರಿ ಮತ್ತೆ ಮತ್ತೆ ಕೊಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ಮೂಗು ಹಿಡಿದು ಉಣಿಸುವುದು, ಮೊಬೈಲ್ ತೋರಿಸಿ ತುಂಬುವುದು ಎರಡೂ ತಪ್ಪು. ಮಗು ಮುಖ ತಿರುಗಿಸಿದರೆ ಊಟ ಮುಗಿಯಿತೆಂದೇ ಅರ್ಥ.

ಕೆಲವು ವಸ್ತುಗಳು ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಬಲ್ಲವು. ಇಡೀ ಶೇಂಗಾ, ಪುಠಾಣಿ, ದ್ರಾಕ್ಷಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಆಕಳು, ಎಮ್ಮೆ ಹಾಲನ್ನು ವರ್ಷದೊಳಗೆ ಮುಖ್ಯ ಪಾನೀಯವಾಗಿ ಕೊಡದಿರುವುದು ಒಳ್ಳೆಯದು: ಕಬ್ಬಿಣ ಕಡಿಮೆ, ಪ್ರೋಟೀನು ಎದೆಹಾಲಿನ ಮೂರು ಪಟ್ಟಿಗೂ ಹೆಚ್ಚು. ಇನ್ನು ಸಕ್ಕರೆ. ಊರು ಫೇಡೆಗೆ ಹೆಸರಾಗಿದ್ದರೂ ಮಗುವಿನ ನಾಲಿಗೆಗೆ ಆ ಪರಿಚಯ ತಡವಾಗಿಯೇ ಆಗಲಿ.

ಬಾಟಲಿಯ ಭೌತವಿಜ್ಞಾನ

ಈಗ ಅತ್ತೆಯವರ ಎರಡನೆಯ ಪ್ರಶ್ನೆ. ಎದೆಯಿಂದ ಹಾಲು ಕುಡಿಯುವಾಗ ಮಗು ಬಾಯಿ ದೊಡ್ಡದಾಗಿ ತೆರೆದು ಮೊಲೆತೊಟ್ಟಿನ ಜೊತೆಗೆ ಸುತ್ತಲ ಕಪ್ಪು ಭಾಗವನ್ನೂ ಒಳಗೆ ಎಳೆದುಕೊಳ್ಳುತ್ತದೆ. ದವಡೆ ಇಳಿದಾಗ ಬಾಯೊಳಗೆ ಒತ್ತಡ ತಗ್ಗುತ್ತದೆ, ನಾಲಿಗೆ ಅಲೆಯಂತೆ ಚಲಿಸುತ್ತದೆ, ಹಾಲು ಹರಿಯುತ್ತದೆ. ವೇಗವನ್ನು ನಿರ್ಧರಿಸುವುದು ಮಗು. ಬಾಟಲಿಯನ್ನು ತಲೆಕೆಳಗೆ ಹಿಡಿದಾಗ ಗುರುತ್ವವೇ ಅರ್ಧ ಕೆಲಸ ಮಾಡುತ್ತದೆ. ಸಲೀಸಾದ ಈ ಹರಿವಿಗೆ ಒಗ್ಗಿದ ಕೆಲವು ಮಕ್ಕಳು ಎದೆಗೆ ಬಂದಾಗ ಅಸಹನೆ ತೋರಿಸುತ್ತವೆ.

ಎದೆಹಾಲಿನ ಉತ್ಪಾದನೆ ಬೇಡಿಕೆಯನ್ನು ಅವಲಂಬಿಸಿದೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹಾಲನ್ನು ತಯಾರಿಸಲು, ಆಕ್ಸಿಟೋಸಿನ್ ಅದನ್ನು ಹೊರಹರಿಸಲು ಸೂಚಿಸುತ್ತವೆ. ಎದೆಯಲ್ಲಿ ಹಾಲು ಬಸಿಯದೆ ನಿಂತರೆ ಉತ್ಪಾದನೆ ತಾನಾಗಿ ತಗ್ಗುತ್ತದೆ. ಮುನ್ನೆಚ್ಚರಿಕೆಯೆಂದು ಐದನೆಯ ತಿಂಗಳಲ್ಲಿ ಕೊಟ್ಟ ಒಂದು ಬಾಟಲಿ ಡಬ್ಬಿ ಹಾಲು, ಎದೆಯ ಮಟ್ಟಿಗೆ ‘ಇಷ್ಟು ಕಡಿಮೆ ಸಾಕು’ ಎಂಬ ಸಂದೇಶ. ಹಾಲು ಕಡಿಮೆಯಾಗುತ್ತದೆ, ಇನ್ನೊಂದು ಬಾಟಲಿ ಬರುತ್ತದೆ. ‘ಹಾಲು ಸಾಲಲಿಲ್ಲ’ ಎಂಬ ಅನೇಕ ಕತೆಗಳ ಆರಂಭ ಇಲ್ಲಿದೆ.

ಧಾರವಾಡದ ನಲ್ಲಿ ಹೇಳಿದ ಪಾಠ

ಬಾಟಲಿಯ ನಿಜವಾದ ಅಪಾಯ ಅದರ ಕುತ್ತಿಗೆ ಮತ್ತು ರಬ್ಬರ್ ತೊಟ್ಟಿನ ಸಂದಿಗಳಲ್ಲಿದೆ. ಅಲ್ಲಿ ಉಳಿದ ಹಾಲಿನ ಜಿಡ್ಡು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲೇ ಸಿಂಗಪುರದಲ್ಲಿ ಮಾಡಿದ ಭಾಷಣದಲ್ಲಿ, ಬಾಟಲಿಹಾಲಿನ ತಪ್ಪು ಪ್ರಚಾರದಿಂದ ಮಕ್ಕಳು ಸಾಯುತ್ತಿರುವುದನ್ನು ಕಟುವಾಗಿ ಖಂಡಿಸಿದ್ದರು. ತೊಳೆಯಲು ಶುದ್ಧ ನೀರಿಲ್ಲದ ಕಡೆ ಬಾಟಲಿ ಎಂದರೆ ಭೇದಿಯ ದಾರಿ.

ನಮ್ಮ ಊರಿನ ನೀರಿನ ಬಗ್ಗೆ ಒಳ್ಳೆಯ ಅಧ್ಯಯನವೊಂದಿದೆ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡದ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಉಳಿದೆಡೆ ಕೆಲವು ದಿನಗಳಿಗೊಮ್ಮೆ ಕೆಲವೇ ಗಂಟೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡನ್ನೂ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ನಿರಂತರವಾಗಿ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಮಲದ ಕಲಬೆರಕೆಯನ್ನು ಸೂಚಿಸುವ ಇ. ಕೋಲಿ ಕಂಡದ್ದು ಶೇ. 1ಕ್ಕೂ ಕಡಿಮೆ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಕಾರಣ ಸರಳ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇರುವುದಿಲ್ಲ. ಬಿರುಕುಗಳಿಂದ ಹೊರಗಿನ ಕೊಳಕು ಒಳಗೆ ನುಸುಳುತ್ತದೆ. 2015ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಇನ್ನೊಂದು ಪಾಠ ಹೇಳಿತು. ನಿರಂತರ ನೀರಿನ ಮನೆಗಳಲ್ಲಿ ಟೈಫಾಯ್ಡ್ ಕಡಿಮೆಯಿತ್ತು, ಆದರೆ ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಲ್ಲಿ ಶುದ್ಧವಾದರಷ್ಟೇ ಸಾಲದು. ಕೊಡ, ಕೈ, ಪಾತ್ರೆ ಇವೂ ಲೆಕ್ಕಕ್ಕೆ ಬರುತ್ತವೆ. ತೊಳೆಯಲು ಅತಿ ಕಷ್ಟವಾದ ಪಾತ್ರೆಯನ್ನೇ ಮಗುವಿಗಾಗಿ ಆರಿಸುವುದು ಎಂಥ ಜಾಣತನ?

ಅಟ್ಟದ ಮೇಲಿನ ಒಳಲೆ

ಹಳೆಯ ಮನೆಗಳಲ್ಲಿ ಹುಡುಕಿದರೆ ಹಿತ್ತಾಳೆಯದೋ ಬೆಳ್ಳಿಯದೋ ಒಂದು ಒಳಲೆ ಸಿಗುತ್ತದೆ. ಅದಕ್ಕೆ ಸಂದಿಯಿಲ್ಲ, ತೊಟ್ಟಿಲ್ಲ, ಕುತ್ತಿಗೆಯಿಲ್ಲ. ಉಜ್ಜಿ ತೊಳೆದು ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು. ಚೀಪಲಾರದ ನವಜಾತ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಹಾಲು ಕುಡಿಸಲು ಬಳಸುವುದು ಇದೇ ಬಗೆಯ ಸಾಧನವನ್ನು. ಕಲಾಯಿ ಇಲ್ಲದ ಹಿತ್ತಾಳೆಗಿಂತ ಸ್ಟೀಲಿನ ಒಳಲೆ ಅಥವಾ ಚಿಕ್ಕ ಬಟ್ಟಲು ಉತ್ತಮ. ಆರು ತಿಂಗಳ ಮಗುವಿಗಂತೂ ಬಾಟಲಿಯ ಹಂತವೇ ಬೇಕಿಲ್ಲ. ಎದೆಯಿಂದ ನೇರವಾಗಿ ಬಟ್ಟಲಿಗೆ ಬರಬಹುದು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಬಟ್ಟಲಿನ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯನ್ನು ಮುಟ್ಟುವಷ್ಟು ಮಾತ್ರ ಓರೆ ಮಾಡಬೇಕು. ಮಗು ತಾನೇ ಹೀರಿಕೊಳ್ಳುತ್ತದೆ. ಗಂಟಲಿಗೆ ಸುರಿಯಬಾರದು.

ತಾಯಿ ಕೆಲಸಕ್ಕೆ ಹೊರಡುವ ಮೊದಲು ಕೈ ತೊಳೆದುಕೊಂಡು ಹಾಲನ್ನು ಹಿಂಡಿ, ಕುದಿಸಿ ಆರಿಸಿದ ಮುಚ್ಚಳದ ಪಾತ್ರೆಯಲ್ಲಿ ಇಡಬಹುದು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಬೇಸಿಗೆಯಲ್ಲಿ ಫ್ರಿಜ್ಜೇ ಸರಿ. ಕುಡಿಸುವಾಗ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು ಬೆಚ್ಚಗೆ ಮಾಡಿ, ಕಾಯಿಸಬೇಡಿ. ಮಗು ಬಾಯಿ ಹಚ್ಚಿದ ಹಾಲನ್ನು ಮತ್ತೆ ಇಡಬಾರದು.

ಬಾಟಲಿ ಅನಿವಾರ್ಯವಾದ ಮನೆಗಳೂ ಇವೆ. ತಾಯಿಯ ಕಾಯಿಲೆ, ದೂರದ ಕೆಲಸ, ತಾಯಿಯಿಲ್ಲದ ಮಗು. ಇವು ಯಾರ ತಪ್ಪೂ ಅಲ್ಲ. ಅಂಥಲ್ಲಿ ಬಾಟಲಿಯ ಎಲ್ಲ ಭಾಗಗಳನ್ನು ಬಿಡಿಸಿ, ಬ್ರಷ್‌ನಿಂದ ಉಜ್ಜಿ, ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ ಕುದಿಸಬೇಕು. ಹಾಲಿನ ಪುಡಿ ಕ್ರಿಮಿರಹಿತವಲ್ಲ. 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಬೆರೆಸಿ ನಂತರ ಆರಿಸಬೇಕು. ಡಬ್ಬಿಯ ಮೇಲೆ ಹೇಳಿದ ಅಳತೆಗಿಂತ ತೆಳುಮಾಡಬಾರದು. ಮಗುವನ್ನು ಎತ್ತಿ ಕೂರಿಸಿ, ಬಾಟಲಿಯನ್ನು ಹೆಚ್ಚುಕಡಿಮೆ ಅಡ್ಡವಾಗಿ ಹಿಡಿದು, ನಡುನಡುವೆ ವಿರಾಮ ಕೊಡಬೇಕು. ಬಾಯಲ್ಲಿ ಬಾಟಲಿ ಇಟ್ಟು ಮಲಗಿಸಿದರೆ ಹಲ್ಲು ಹುಳುಕಾಗುತ್ತವೆ.

ಕಾನೂನು ಏನು ಹೇಳುತ್ತದೆ?

1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿಗಳ ಮಾರಾಟ ಕುರಿತ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತ, ವಿರುದ್ಧ ಅಮೆರಿಕದ ಒಂದೇ ಮತ. ಭಾರತ 1992ರಲ್ಲಿ ಕಾಯಿದೆ ಮಾಡಿ 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ ಮತ್ತು ಬಾಟಲಿಗಳ ಜಾಹೀರಾತು, ತಾಯಂದಿರಿಗೆ ಉಚಿತ ಮಾದರಿ, ಆರೋಗ್ಯ ಕಾರ್ಯಕರ್ತರಿಗೆ ಉಡುಗೊರೆ ಎಲ್ಲವೂ ನಿಷಿದ್ಧ. ಡಬ್ಬಿಯ ಮೇಲೆ ತಾಯಿಯ ಅಥವಾ ಮಗುವಿನ ಚಿತ್ರವೂ ಇರುವಂತಿಲ್ಲ. ವಿದ್ಯಾರ್ಥಿಗಳು ಅಂಗಡಿಗೆ ಹೋಗಿ ಒಂದು ಡಬ್ಬಿಯ ಲೇಬಲ್ಲನ್ನು ಓದಿ ಇದನ್ನು ಪರಿಶೀಲಿಸಬಹುದು. ಇನ್ನೊಂದೆಡೆ ತಾಯಿಗೆ ಸಮಯವೂ ಬೇಕಲ್ಲ? 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಆದರೆ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಮನೆಗೆಲಸದಲ್ಲಿ ದುಡಿಯುವ ತಾಯಂದಿರ ಕೈಗೆ ಈ ಸೌಲಭ್ಯ ಸುಲಭವಾಗಿ ಎಟುಕುವುದಿಲ್ಲ. ಅವರ ಮಕ್ಕಳಿಗೆ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯೇ ಹತ್ತಿರದ ಆಸರೆ. ಆರು ತಿಂಗಳು ತುಂಬಿದ ಮಗುವಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಅಲ್ಲಿ ದೊರೆಯುತ್ತದೆ.

ಮತ್ತೆ ಮಾಳಮಡ್ಡಿಗೆ

ನಮ್ಮ ಶಿಕ್ಷಕಿಯ ದಿನಚರಿ ಹೀಗಿರಬಹುದು. ಬೆಳಿಗ್ಗೆ ಎದ್ದಾಗ ಮತ್ತು ಶಾಲೆಗೆ ಹೊರಡುವ ಮುನ್ನ ಎದೆಹಾಲು. ಹನ್ನೊಂದಕ್ಕೆ ಅಜ್ಜಿಯ ಕೈಯಿಂದ ರಾಗಿ ಸರಿ. ಮಧ್ಯಾಹ್ನ ಒಳಲೆಯಲ್ಲಿ ಹಿಂಡಿಟ್ಟ ಹಾಲು. ಮೂರಕ್ಕೆ ಹಿಚುಕಿದ ಅನ್ನ–ಬೇಳೆ, ನಾಲ್ಕು ಹನಿ ನಿಂಬೆರಸ, ಅರ್ಧ ಚಮಚ ತುಪ್ಪ. ಸಂಜೆ ತಾಯಿ ಬಂದಾಗ, ಮಲಗುವಾಗ ಮತ್ತು ರಾತ್ರಿ ಮಗು ಎಚ್ಚರಗೊಂಡಾಗ ಮತ್ತೆ ಎದೆಹಾಲು. ಇದು ಎರಡು ವರ್ಷದವರೆಗೆ, ಬೇಕಿದ್ದರೆ ಆಮೇಲೂ ಮುಂದುವರಿಯಲಿ. ಈ ಪಟ್ಟಿಯಲ್ಲಿ ಬಾಟಲಿಗೆ ಎಲ್ಲೂ ಜಾಗ ಬೇಕಾಗಲಿಲ್ಲ.

ಐದನೆಯ ತಿಂಗಳಲ್ಲಿ ಅತ್ತೆ–ಸೊಸೆ ಮಾಡಬೇಕಾದದ್ದು ಇಷ್ಟೇ. ಅಂಗಡಿಗೆ ಹೋಗಿ ಬಾಟಲಿ ತರುವ ಬದಲು ಅಟ್ಟದಿಂದ ಒಳಲೆ ಇಳಿಸಬೇಕು, ರಾಗಿ ನೆನೆಹಾಕಬೇಕು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಹಿಟ್ಟು ಸಿದ್ಧವಾಗಿರುತ್ತದೆ. ಅದರಲ್ಲಿ ಒಂದು ಚಮಚ ಎತ್ತಿಟ್ಟುಕೊಂಡರೆ, ಶಾಲೆಗೆ ಹಿಂದಿರುಗಿದ ಮೇಲೆ ಕಿಣ್ವಗಳ ಪಾಠಕ್ಕೂ ಆಯಿತು.